ಬುರುಂಡಿಯ ಎರಡು ಪದಕ

ಕೇಳುಗರಿಗೆ ನಮಸ್ಕಾರ.

ಬುರುಂಡಿ ಅಂತ ಒಂದು ಪುಟ್ಟ ದೇಶ. ಆಫ್ರಿಕಾದಲ್ಲಿ, ಟಾಂಗನಿಕಾ ಸರೋವರದ ದಂಡೆಗೆ ಅಂಟಿಕೊಂಡಿದೆ. ಒಲಿಂಪಿಕ್ಸಿನಲ್ಲಿ ಇದುವರೆಗೆ ಗೆದ್ದದ್ದು ಎರಡೇ ಪದಕ. ಎರಡೂ ಓಟದಲ್ಲೇ.

1962ರಲ್ಲಿ ಸ್ವತಂತ್ರವಾದ ಈ ದೇಶ ಒಲಿಂಪಿಕ್ಸಿಗೆ ಕಾಲಿಟ್ಟದ್ದು 1996ರಲ್ಲಿ, ಅಟ್ಲಾಂಟಾದಲ್ಲಿ. ಓಡುವವರು ಇರಲಿಲ್ಲ ಅಂತಲ್ಲ. ಓಟಗಾರ ಎಷ್ಟೇ ಗಟ್ಟಿಗನಾಗಿರಲಿ, ಹೆಸರು ಕಳಿಸಬೇಕಾದದ್ದು ಆ ದೇಶದ ಒಲಿಂಪಿಕ್ ಸಮಿತಿ. ಬುರುಂಡಿಗೆ ಅದೇ ಇರಲಿಲ್ಲ. ಡಿಯುಡೊನೆ ಕ್ವಿಜೆರಾ ಎಂಬ ಓಟಗಾರ ಇದೇ ಕಾರಣಕ್ಕೆ 1988ರಲ್ಲೂ 1992ರಲ್ಲೂ ಹೊರಗೇ ಉಳಿದರು.

1996ರ ಹೊತ್ತಿಗೆ ಸಮಿತಿಯೇನೋ ಬಂತು. ಆದರೆ ಆಗ ದೇಶದ ದೊಡ್ಡ ಓಟಗಾರ ವೆನುಸ್ಟೆ ನಿಯೊಂಗಾಬೊ. 1500 ಮೀಟರ್ ಅವರ ಕೈವಶದ ಓಟ. ಹಿಂದಿನ ವರ್ಷವಷ್ಟೇ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು ಗೆದ್ದಿದ್ದರು. ಅಂಥವರು 1500 ಮೀಟರಿನ ತಮ್ಮ ಜಾಗವನ್ನು ಕ್ವಿಜೆರಾಗೆ ಬಿಟ್ಟುಕೊಟ್ಟು, ತಾವು ಅಷ್ಟಾಗಿ ಓಡಿರದ 5000 ಮೀಟರಿಗೆ ಇಳಿದರು. ನೀವಾಗಿದ್ದರೆ ಬಿಡ್ತಿದ್ರಾ? ನಾನಂತೂ ಬಿಡ್ತಿರಲಿಲ್ಲ.

ಅತ್ತ ಬುರುಂಡಿಯಲ್ಲಿ 1993ರಿಂದ ಹುಟು ಮತ್ತು ಟುಟ್ಸಿ ಎಂಬ ಎರಡು ಜನಾಂಗಗಳ ನಡುವೆ ಅಂತರ್ಯುದ್ಧ. ಕೂಟ ನಡೆಯುತ್ತಿರುವಾಗಲೇ, ಜುಲೈ 25ರಂದು, ಸೇನೆ ಸರ್ಕಾರವನ್ನು ಉರುಳಿಸಿತು. ಒಂಬತ್ತು ದಿನ ಕಳೆದು ಆಗಸ್ಟ್ 3ರಂದು 5000 ಮೀಟರ್ ಫೈನಲ್. ಟ್ರ್ಯಾಕಿನ ಸುತ್ತ ಹನ್ನೆರಡೂವರೆ ಸುತ್ತು. ಕೊನೆಗೆ ನಿಯೊಂಗಾಬೊ ಮುಂದೆ, ಬೆನ್ನಿಗೇ ಕೀನ್ಯಾದ ಪಾಲ್ ಬಿಟೋಕ್. 13 ನಿಮಿಷ 7.96 ಸೆಕೆಂಡು. ಬಿಟೋಕ್ ಹಿಂದೆ ಬಿದ್ದದ್ದು ಬರೀ 0.20 ಸೆಕೆಂಡು, ಕಣ್ಣು ಮಿಟುಕಿಸುವಷ್ಟು. ಮೊದಲ ಒಲಿಂಪಿಕ್ಸಿನಲ್ಲೇ ಚಿನ್ನ! ಕ್ವಿಜೆರಾ ಫೈನಲ್ ತಲುಪಲಿಲ್ಲ. ಆದರೆ ಓಡಿದರು, ಅಲ್ವಾ?

ಆಮೇಲೆ ಇಪ್ಪತ್ತು ವರ್ಷ ಏನೂ ಇಲ್ಲ. 2016ರಲ್ಲಿ ರಿಯೋದಲ್ಲಿ ಫ್ರಾನ್ಸಿನ್ ನಿಯೊನ್ಸಾಬಾ 800 ಮೀಟರಿನಲ್ಲಿ ಬೆಳ್ಳಿ ಗೆದ್ದರು. ಇವರೂ ಮುಂದೆ ತಮ್ಮ ಓಟ ಬಿಡಬೇಕಾಯಿತು, ಆದರೆ ಸ್ವಂತ ಇಷ್ಟದಿಂದಲ್ಲ. ಹುಟ್ಟಿನಿಂದಲೇ ಅವರ ದೇಹದಲ್ಲಿ ಟೆಸ್ಟೋಸ್ಟೆರೋನ್, ಅಂದರೆ ಸಾಮಾನ್ಯವಾಗಿ ಗಂಡಸರಲ್ಲಿ ಹೆಚ್ಚಿರುವ ಹಾರ್ಮೋನ್, ಜಾಸ್ತಿ. ಔಷಧ ತಗೊಂಡು ಅದನ್ನು ಇಳಿಸದಿದ್ದರೆ 400 ಮೀಟರಿನಿಂದ ಒಂದು ಮೈಲಿವರೆಗಿನ ಮಹಿಳೆಯರ ಓಟಗಳಲ್ಲಿ ಜಾಗವಿಲ್ಲ ಎಂಬ ನಿಯಮ 2019ರಲ್ಲಿ ಜಾರಿಗೆ ಬಂತು. ನಿಯೊನ್ಸಾಬಾ ಸುಮ್ನೆ ಕೂರಲಿಲ್ಲ. ನಿಯೊಂಗಾಬೊ ಹಾಗೇ ದೂರದ ಓಟಕ್ಕೆ ಹೊರಳಿದರು. ಟೋಕಿಯೋದಲ್ಲಿ 10,000 ಮೀಟರಿನಲ್ಲಿ ಐದನೆಯವರಾದರು. ಮರುತಿಂಗಳೇ ಜಾಗ್ರೆಬ್‌ನಲ್ಲಿ 2000 ಮೀಟರಿನ ವಿಶ್ವದಾಖಲೆಯನ್ನೂ ಮುರಿದರು.

2023ರಲ್ಲಿ ಅದೇ ನಿಯಮವನ್ನು ಮಹಿಳೆಯರ ಎಲ್ಲ ಓಟಗಳಿಗೂ, ದೂರ ಎಷ್ಟೇ ಇರಲಿ, ವಿಸ್ತರಿಸಿದರು.

ನಮಸ್ಕಾರ.