ಮಂಗಳೂರಿಗೆ ಹೋದ ಹರವಿ

ಕೇಳುಗರೆ, ನಮಸ್ಕಾರ.

ರಾಯಚೂರು ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಬೇಸಿಗೆಯಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ. ಆವಿಯಾಗುವಿಕೆಯ ಪಾಠಕ್ಕೆ ಉದಾಹರಣೆ ಹುಡುಕಿಕೊಂಡು ಹೋಗಬೇಕಿಲ್ಲ. ತರಗತಿಯ ಮೂಲೆಯಲ್ಲಿಯೇ ಮಣ್ಣಿನ ಹರವಿ ಕುಳಿತಿರುತ್ತದೆ. ಅದರ ಸೂಕ್ಷ್ಮ ರಂಧ್ರಗಳಿಂದ ನೀರು ಜಿನುಗಿ ಹೊರಮೈಯಲ್ಲಿ ಆವಿಯಾಗುತ್ತದೆ, ಹೋಗುವಾಗ ಒಳಗಿನ ಶಾಖವನ್ನು ಒಯ್ಯುತ್ತದೆ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಬೇಕು. ಅಷ್ಟೂ ಶಾಖ ಒಳಗಿನ ನೀರಿನಿಂದಲೇ ಹೋದರೆ 100 ಗ್ರಾಂ ನೀರು ಐದಾರು ಡಿಗ್ರಿ ತಣ್ಣಗಾಗುತ್ತದೆ. ಈ ಪಾಠವನ್ನು ವರ್ಷಗಟ್ಟಲೆ ಎಲ್ಲಿಯೂ ತಡವರಿಸದೆ ಮಾಡಿದ್ದೆ.

ಒಂದು ದಿನ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತಳು. ತಂದೆತಾಯಿಯ ಜೊತೆ ಗುಳೆ ಹೋಗಿ, ಮಂಗಳೂರಿನಲ್ಲಿ ಕಟ್ಟಡ ಕೆಲಸದ ಶೆಡ್ಡಿನಲ್ಲಿ ಕೆಲವು ತಿಂಗಳು ಇದ್ದು ಬಂದವಳು.

"ಸರ್, ಇಲ್ಲಿಂದಲೇ ಹರವಿ ಒಯ್ದಿದ್ದೆವು. ಅಲ್ಲಿ ಇಷ್ಟು ಬಿಸಿಲಿಲ್ಲ. ಆದರೂ ನೀರು ಇಲ್ಲಿಯಷ್ಟು ತಣ್ಣಗಾಗಲಿಲ್ಲ. ಏಕೆ?"

ಕಡಲತೀರದ ಗಾಳಿಯಲ್ಲಿ ತೇವಾಂಶ ಹೆಚ್ಚು, ಆದ್ದರಿಂದ ನೀರು ಬೇಗ ಆವಿಯಾಗುವುದಿಲ್ಲ ಎಂದೆ. "ತೇವ ಇದ್ದರೆ ಏಕೆ ಆವಿಯಾಗುವುದಿಲ್ಲ?" ಎಂದಳು. ಗಾಳಿಯಲ್ಲಿ ಜಾಗ ಇರುವುದಿಲ್ಲ ಎಂದುಬಿಟ್ಟೆ. ಅವಳು ಕುಳಿತುಕೊಂಡಳು. ನನಗೆ ಕುಳಿತುಕೊಳ್ಳಲಾಗಲಿಲ್ಲ. ಗಾಳಿಯೇನು ಸಂತೆಯ ದಿನದ ಬಸ್ಸೇ, ಜಾಗ ತುಂಬುವುದಕ್ಕೆ? ಗಾಳಿಯ ಕಣಗಳ ನಡುವೆ ಇರುವುದು ಬಹುಪಾಲು ಬಯಲು. ಅದನ್ನೂ ನಾನೇ ಇನ್ನೊಂದು ಪಾಠದಲ್ಲಿ ಕಲಿಸುತ್ತೇನೆ. ನನ್ನ ಎರಡು ಪಾಠಗಳು ಒಂದರ ಮುಖ ಇನ್ನೊಂದು ನೋಡಿರಲೇ ಇಲ್ಲ.

ಆ ರಾತ್ರಿ ಪದವಿ ತರಗತಿಯ ಹಳೆಯ ಪುಸ್ತಕ ತೆರೆದು ಕುಳಿತೆ. ನೀರಿನ ಕಣಗಳು ಗಾಳಿಗೆ ಹಾರುತ್ತಿರುವಾಗಲೇ ಗಾಳಿಯಲ್ಲಿರುವ ನೀರಾವಿಯ ಕಣಗಳು ಮರಳಿ ನೀರಿಗೆ ಬಂದು ಸೇರುತ್ತಿರುತ್ತವೆ. ಒಣಗಾಳಿಯಲ್ಲಿ ಮರಳುವವು ಕಡಿಮೆ. ತೇವದ ಗಾಳಿಯಲ್ಲಿ ಮರಳುವವು ಹೆಚ್ಚು, ಅವು ಒಯ್ದ ಶಾಖವನ್ನೂ ಮರಳಿಸುತ್ತವೆ. ಇಷ್ಟು ವರ್ಷ ಹೋಗುವ ಕಣಗಳ ಲೆಕ್ಕವನ್ನಷ್ಟೇ ಹೇಳಿದ್ದೆ. ಬರುವ ಕಣಗಳ ಲೆಕ್ಕ ನನ್ನಲ್ಲಿ ಇರಲೇ ಇಲ್ಲ, ಇಲ್ಲವೆಂಬುದೂ ಗೊತ್ತಿರಲಿಲ್ಲ. ಪರೀಕ್ಷೆ ಬರೆದು ಪಾಸಾದಾಗ ಯಾರೂ ಅದನ್ನು ಕೇಳಿರಲಿಲ್ಲ.

ಮರುದಿನ, ನಿನ್ನೆ ಹೇಳಿದ್ದು ತಪ್ಪು ಎಂದು ಶುರುಮಾಡಿದೆ. "ನಮ್ಮ ಊರು ಬೇಸಿಗೆಯಲ್ಲಿ ಏಕೆ ಖಾಲಿಯಾಗುತ್ತದೆ?" ಎಂದು ಕೇಳಿದೆ. ಗುಳೆ ಹೋಗುತ್ತಾರೆ ಎಂದವು ಮಕ್ಕಳು. "ಹೋದಷ್ಟೇ ಜನ ದಿನವೂ ಮರಳಿ ಬಂದಿದ್ದರೆ?" ಆ ಹುಡುಗಿಗೆ ಉಳಿದದ್ದನ್ನು ಹೇಳಬೇಕಾಗಲಿಲ್ಲ. ಅವಳೇ ಬೋರ್ಡಿನ ಮೇಲೆ ಎರಡು ಹರವಿ ಬರೆದು ಬಾಣ ಹಾಕಿದಳು. ರಾಯಚೂರಿನ ಹರವಿಗೆ ಹೊರಗೆ ಹೋಗುವ ಬಾಣಗಳೇ ಬಹಳ, ಮಂಗಳೂರಿನದಕ್ಕೆ ಎರಡೂ ಕಡೆಗೆ.

ಆಗ ಹಿಂದಿನ ಬೆಂಚಿನ ಹುಡುಗ ಕೈಯೆತ್ತಿದ. "ಹಾಗಾದರೆ ನಮ್ಮ ಹರವಿಯ ನೀರು ತಣ್ಣಗಾಗುತ್ತಲೇ ಹೋಗಿ ಮಂಜುಗಡ್ಡೆ ಏಕೆ ಆಗುವುದಿಲ್ಲ?"

ನಾಳೆ ಹೇಳುತ್ತೇನೆ ಎಂದು, ಪ್ರಶ್ನೆಯನ್ನು ಹಾಜರಿ ಪುಸ್ತಕದ ಹಿಂದಿನ ಪುಟದಲ್ಲಿ ಬರೆದುಕೊಂಡೆ.