ಮೈನ್ ಹುಡುಕಲು ಹೊರಟ ಎರಡು ಮೈಯ ಹಡಗು

(ಆಲಮಟ್ಟಿ ಹಿನ್ನೀರಿನ ದಂಡೆ. ಪಕ್ಕದಲ್ಲಿ ಕಣಿಕೆ ಹೇರಿದ ಚಕ್ಕಡಿ.)

ನಮಸ್ಕಾರ್ರೀ! ಬಾಗಲಕೋಟೆಯಲ್ಲಿ ನಿಂತು ಯುದ್ಧನೌಕೆ ಕಥೆ ಹೇಳುತ್ತಾನಲ್ಲ ಅಂತ ನಗಬೇಡಿ, ಇವತ್ತು ನನಗೆ ಸಮುದ್ರಕ್ಕಿಂತ ಈ ಚಕ್ಕಡಿಯೇ ಜಾಸ್ತಿ ಬೇಕು.

ಮೊದಲು ಮೈನ್, ಅಂದರೆ ಹಡಗು ಒಡೆಯಲು ನೀರಿನಲ್ಲಿ ಇಡುವ ಬಾಂಬು. ಒಂದು ಬಗೆಯದು ಸಮುದ್ರದ ತಳದಲ್ಲಿ ಸುಮ್ನೆ ಬಿದ್ದಿರುತ್ತದೆ. ಮೇಲೆ ಹಡಗು ಹಾದಾಗ ಉಕ್ಕಿನ ಅಯಸ್ಕಾಂತ ಗುಣವೋ, ಎಂಜಿನ್ ಸದ್ದೋ, ನೀರಿನ ಒತ್ತಡದ ಏರುಪೇರೋ ಗೊತ್ತಾದರೆ ಸಾಕು, ಢಂ! ಹಾಗಾಗಿ ಅದನ್ನು ಹುಡುಕುವ ಹಡಗಿನಲ್ಲಿ ಉಕ್ಕು ಕಡಿಮೆ ಇರಬೇಕು, ಸದ್ದೂ ಕಡಿಮೆ ಇರಬೇಕು.

ಆಸ್ಟ್ರೇಲಿಯಾದವರು ಇದಕ್ಕೆ ಕ್ಯಾಟಮರನ್, ಅಂದರೆ ಎರಡು ಮೈ ಜೋಡಿಸಿದ ಹಡಗು ಆರಿಸಿದರು. ಹೆಸರು ತಮಿಳಿನ ಕಟ್ಟುಮರಂನಿಂದ ಬಂದದ್ದು. ಕಟ್ಟು, ಮರ, ನಮಗೂ ಗೊತ್ತಿರುವ ಮಾತೇ ಅಲ್ವಾ? ತಮಾಷೆ ಏನೆಂದರೆ ಅಸಲಿ ಕಟ್ಟುಮರ ದಿಮ್ಮಿಗಳನ್ನು ಬಿಗಿದ ತೆಪ್ಪ, ಅದಕ್ಕೆ ಎರಡು ಮೈ ಇರಲೇ ಇಲ್ಲ!

ಅವರ ರಶ್‌ಕಟರ್ 1986ರಲ್ಲಿ ನೌಕಾಪಡೆ ಸೇರಿತು, ಶೋಲ್‌ವಾಟರ್ 1987ರಲ್ಲಿ. ಉದ್ದ ಬರೀ 31 ಮೀಟರ್. ಮೈಯೆಲ್ಲ ಫೈಬರ್‌ಗ್ಲಾಸ್, ನಡುವೆ ಫೋಮ್. ಎಂಜಿನ್ನುಗಳನ್ನು ನೀರಿನಿಂದ ದೂರ, ಮೇಲೆ ಡೆಕ್ಕಿನಲ್ಲಿ ಕೂರಿಸಿದ್ದರು. ಎರಡು ಮೈ ದೂರ ದೂರ ಇರುವುದರಿಂದ, ಈ ಚಕ್ಕಡಿಯ ಗಾಲಿಗಳ ಹಾಗೆ, ಮೇಲೆ ಭಾರ ಹೇರಿದರೂ ಸುಲಭಕ್ಕೆ ಮಗುಚುವುದಿಲ್ಲ.

ಆದರೆ ಚಕ್ಕಡಿ ಹೊಡೆದವರಿಗೆ ಇನ್ನೊಂದು ವಿಷಯ ಗೊತ್ತು. ಒಂದು ಗಾಲಿ ಬದುವಿನ ಮೇಲೆ, ಇನ್ನೊಂದು ತಗ್ಗಿನಲ್ಲಿ ಬಿದ್ದರೆ ಕೂತವರ ಸೊಂಟ ಏನಾಗುತ್ತದೆ? ಸಮುದ್ರದಲ್ಲೂ ಅದೇ: ಒಂದು ಮೈ ಅಲೆಯ ಮೇಲೆ, ಇನ್ನೊಂದು ಕೆಳಗೆ. ಬಂದರಿನ ಒಳಗೆ ಪರವಾಗಿಲ್ಲ, ತೆರೆದ ಸಮುದ್ರಕ್ಕೆ ಬಂದರೆ ಕಷ್ಟ. ಸದ್ದಿನ ಅಲೆ ಕಳಿಸಿ ನೀರೊಳಗೆ ಮೈನ್ ಹುಡುಕುವ ಸಾಧನ ಸೋನಾರ್ ಕೂಡ ನಿರೀಕ್ಷಿಸಿದಷ್ಟು ಕೆಲಸ ಮಾಡಲಿಲ್ಲ. ಆರು ಕಟ್ಟುವ ಯೋಚನೆ ಇತ್ತು, ಎರಡಕ್ಕೇ ನಿಂತಿತು. ಆಮೇಲೆ ಅವರು ಇಟಲಿಯ ವಿನ್ಯಾಸದ ಒಂದೇ ಮೈಯ ಹ್ಯೂವನ್ ಹಡಗುಗಳಿಗೆ ಹೋದರು.

ನಾರ್ವೆಯವರು ಮಾತ್ರ ಎರಡು ಮೈ ಬಿಡಲಿಲ್ಲ. 1990ರ ದಶಕದಲ್ಲಿ ಅವರು ಮಾಡಿದ್ದು ನನಗೆ ತುಂಬಾ ಹಿಡಿಸಿತು: ಎರಡು ಮೈ ನಡುವಿನ ಜಾಗಕ್ಕೆ ಹಿಂದೆ ಮುಂದೆ ರಬ್ಬರ್ ಪರದೆ ಕಟ್ಟಿ, ಒಳಗೆ ಫ್ಯಾನಿನಿಂದ ಗಾಳಿ ತುಂಬಿದರು, ಹಡಗು ಗಾಳಿಯ ದಿಂಬಿನ ಮೇಲೆ ಎದ್ದು ನಿಂತಿತು. ಮುಳುಗಿದ ಭಾಗ ಕಡಿಮೆ, ಹಾಗಾಗಿ ನೀರಿಗೆ ಇಳಿಯುವ ಸದ್ದೂ ಕಡಿಮೆ, ಕೆಳಗೆ ಏನಾದರೂ ಸಿಡಿದರೆ ತಟ್ಟುವ ಪೆಟ್ಟೂ ಕಡಿಮೆ. ವೇಗ 20 ನಾಟ್‌ಗಿಂತ ಜಾಸ್ತಿ, ಅಂದರೆ ಗಂಟೆಗೆ ಸುಮಾರು 37 ಕಿ.ಮೀ. ಮೈನ್ ಹುಡುಕುವ ಹಡಗಿಗೆ ಇದು ಓಟವೇ ಸರಿ.

ಅವುಗಳಲ್ಲಿ ಒಂದು, ಓರ್ಕ್ಲಾ, 2002ರಲ್ಲಿ ಮುಳುಗಿತು. ಮೈನ್ ಸಿಡಿದು ಅಲ್ಲ, ಬೆಂಕಿ ಬಿದ್ದು. ಅದು ಮುಂದಿನ ವಿಡಿಯೋಗೆ ಇರಲಿ, ಈಗ ಈ ಚಕ್ಕಡಿಯವರು ಹೊರಡಬೇಕಂತೆ.