ಎರಡು ಕುರ್ಚಿಗಳ ನಡುವೆ: ವಿದ್ಯಾರ್ಥಿಗಳಿಂದ ಕಿರುನಾಟಕ ಬರೆಸುವ ಬಗೆ

ಈಗ ನೀವು ನೋಡುತ್ತಿರುವುದು ತರಗತಿ ಮುಗಿದ ಮೇಲಿನ ಖಾಲಿ ಕೋಣೆ. ಬೆಂಚುಗಳನ್ನೆಲ್ಲ ಗೋಡೆಯ ಕಡೆಗೆ ಸರಿಸಿ, ನಡುವೆ ಎರಡೇ ಎರಡು ಕುರ್ಚಿಗಳನ್ನು ಎದುರುಬದುರಾಗಿ ಇಟ್ಟಿದ್ದೇವೆ. ಕಳೆದ 6 ವಾರಗಳಲ್ಲಿ ನನ್ನ ವಿದ್ಯಾರ್ಥಿಗಳು ಬರೆದ ಕಿರುನಾಟಕಗಳೆಲ್ಲವೂ ನಡೆದದ್ದು ಈ ಎರಡು ಕುರ್ಚಿಗಳ ನಡುವೆಯೇ. ಹದಿನಾಲ್ಕು ಹದಿನೈದರ ವಯಸ್ಸಿನವರಿಗೆ ತಮ್ಮ ಕಾಲದ ಸಮಸ್ಯೆಗಳ ಬಗ್ಗೆ ನಾಟಕ ಬರೆಯುವುದನ್ನು ಹೇಳಿಕೊಡುವುದು ನನ್ನ ಕೆಲಸ; ಆ ಕೆಲಸವನ್ನು ಬಹಳ ವರ್ಷ ತಪ್ಪಾಗಿಯೇ ಮಾಡಿದ್ದೆ ಎಂಬುದನ್ನು ಮೊದಲೇ ಒಪ್ಪಿಕೊಂಡರೆ ಮುಂದಿನ ಮಾತು ಸುಲಭವಾಗುತ್ತದೆ.

ಆಗೆಲ್ಲ ನಾನು ಕಪ್ಪುಹಲಗೆಯ ಮೇಲೆ ವಿಷಯಗಳನ್ನು ಬರೆದುಬಿಡುತ್ತಿದ್ದೆ. ಪರಿಸರ ನಾಶ, ಮೊಬೈಲ್ ಗೀಳು, ನಿರುದ್ಯೋಗ, ಸುಳ್ಳು ಸುದ್ದಿ. ಒಂದು ವಾರ ಕಳೆದ ಮೇಲೆ ಕೈಗೆ ಬರುತ್ತಿದ್ದ ಹಸ್ತಪ್ರತಿಗಳಲ್ಲಿ ಹೆಸರುಗಳು ಬೇರೆಯಾಗಿದ್ದರೂ ನಾಟಕ ಮಾತ್ರ ಒಂದೇ ಆಗಿರುತ್ತಿತ್ತು: ತಿಳಿದವನೊಬ್ಬ, ತಿಳಿಯದವನೊಬ್ಬ ದಾರಿಯಲ್ಲಿ ಭೇಟಿಯಾಗುತ್ತಾರೆ, ತಿಳಿದವನು ಒಂದೂವರೆ ಪುಟ ಮಾತನಾಡುತ್ತಾನೆ, ತಿಳಿಯದವನು ಕಣ್ಣೊರೆಸಿಕೊಂಡು ‘ಇಂದಿನಿಂದ ನಾನು ಬದಲಾಗುತ್ತೇನೆ’ ಎನ್ನುತ್ತಾನೆ. ಪರಿಸರದ ನಾಟಕವಾದರೆ ಭೂಮಿತಾಯಿ ತಾನೇ ಹಸಿರು ಬಟ್ಟೆ ಹೊದ್ದು ಬಂದು ಅಳುತ್ತಿದ್ದಳು. ನಾನು ಅವುಗಳಿಗೆ ಒಳ್ಳೆಯ ಅಂಕಗಳನ್ನೇ ಕೊಡುತ್ತಿದ್ದೆ. ಏಕೆಂದರೆ ಅವುಗಳಲ್ಲಿದ್ದ ಅಭಿಪ್ರಾಯ ನನ್ನದೇ ಆಗಿತ್ತು. ಮಕ್ಕಳು ಬರೆದದ್ದು ನಾಟಕವಲ್ಲ, ಮೇಷ್ಟರಿಗೆ ಇಷ್ಟವಾಗುವ ಉತ್ತರ ಎಂಬುದು ನನಗೆ ತಡವಾಗಿ ಹೊಳೆಯಿತು.

ಈಗ ನಾನು ವಿಷಯ ಕೊಡುವುದಿಲ್ಲ, ಪ್ರಶ್ನೆ ಕೊಡುತ್ತೇನೆ. ಪ್ರತಿಯೊಬ್ಬರೂ ಆ ವಾರದ ಒಂದು ಸುದ್ದಿಯನ್ನು ಕತ್ತರಿಸಿಯೋ ಬರೆದುಕೊಂಡೋ ತರಬೇಕು. ಅದನ್ನು ಓದಿದ ಮೇಲೆ ನಾನು ಕೇಳುವುದು ಇಷ್ಟೇ: ಈ ಸುದ್ದಿಯ ದೆಸೆಯಿಂದ ಇಂದು ರಾತ್ರಿ ಯಾವ ಮನೆಯಲ್ಲಿ ಯಾರು ಯಾರೊಡನೆ ಮಾತು ಬಿಟ್ಟಿದ್ದಾರೆ? ಕೋಣೆ ಸ್ವಲ್ಪ ಹೊತ್ತು ಮೌನವಾಗುತ್ತದೆ. ‘ನಿರುದ್ಯೋಗ ಹೆಚ್ಚಿದೆ’ ಎಂಬ ವಾಕ್ಯದಲ್ಲಿ ಯಾರೂ ಮಾತು ಬಿಡಲಾರರು. ಕೆಲಸ ಹೋದದ್ದನ್ನು ಹೆಂಡತಿಗೆ ಹೇಳದೆ ದಿನವೂ ಬೆಳಿಗ್ಗೆ ಬ್ಯಾಗು ಹೆಗಲಿಗೇರಿಸಿಕೊಂಡು ಹೊರಡುವ ಗಂಡನಿದ್ದರೆ, ಅವನ ಮಗಳು ಅವನನ್ನು ಉದ್ಯಾನವನದ ಕಲ್ಲುಬೆಂಚಿನ ಮೇಲೆ ಕಂಡಿದ್ದರೆ, ಆಗ ರಾತ್ರಿಯ ಊಟದ ಹೊತ್ತಿಗೆ ಬೇಕಾದಷ್ಟು ಮೌನ ಸೇರಿಕೊಂಡಿರುತ್ತದೆ. ನಾಟಕ ಬರೆಯಲು ಆ ಮೌನ ಸಾಕು.

ಈ ಬಾರಿ ಒಬ್ಬ ಹುಡುಗ ತಂದದ್ದು ಸುಳ್ಳು ಸುದ್ದಿ ಹರಡುವುದರ ಬಗೆಗಿನ ವರದಿ. ಅವನ ಮೊದಲ ಕರಡು ಹಳೆಯ ದಾರಿಯಲ್ಲೇ ಸಾಗಿತ್ತು. ಮೊಮ್ಮಗನೊಬ್ಬ ತಾತನಿಗೆ ಬುದ್ಧಿ ಹೇಳುತ್ತಾನೆ, ತಾತ ಕೇಳಿಸಿಕೊಳ್ಳುತ್ತಾನೆ. ನಾನು ಅವನಿಗೆ ಎರಡು ಪ್ರಶ್ನೆ ಹಾಕಿದೆ. ಮೊಮ್ಮಗನಿಗೆ ತಾತನಿಂದ ಬೇಕಾದದ್ದೇನು, ಅದೂ ಇವತ್ತೇ, ಈ ಗಂಟೆಯಲ್ಲೇ? ಅದನ್ನು ಕೊಡಲು ತಾತನಿಗೆ ಏಕೆ ಸಾಧ್ಯವಿಲ್ಲ? ಎರಡು ದಿನ ಬಿಟ್ಟು ಅವನು ತಂದ ಉತ್ತರದಲ್ಲಿ ತಾತ ನಿವೃತ್ತ ಶಿಕ್ಷಕನಾಗಿದ್ದ. ಪಕ್ಕದ ಮನೆಯವರ ಬಗ್ಗೆ ತನಗೆ ಬಂದ ಒಂದು ಸಂದೇಶವನ್ನು ಪರೀಕ್ಷಿಸದೆ ಬಡಾವಣೆಯ ವಾಟ್ಸಾಪ್ ಗುಂಪಿಗೆ ಕಳಿಸಿಬಿಟ್ಟಿದ್ದ. ಅದು ಸುಳ್ಳೆಂದು ಈಗ ಅವನಿಗೂ ಗೊತ್ತು. ‘ನಾನು ಕಳಿಸಿದ್ದು ತಪ್ಪು’ ಎಂದು ಅದೇ ಗುಂಪಿನಲ್ಲಿ ಒಂದು ಸಾಲು ಬರೆಯಬೇಕೆಂಬುದು ಮೊಮ್ಮಗನ ಹಟ, ಏಕೆಂದರೆ ಆ ಮನೆಯ ಹುಡುಗ ಅವನ ಗೆಳೆಯ. ಜೀವನವೆಲ್ಲ ಇನ್ನೊಬ್ಬರ ತಪ್ಪಿಗೆ ಕೆಂಪು ಗೆರೆ ಎಳೆದ ಕೈ ಆ ಒಂದು ಸಾಲನ್ನು ಬರೆಯಲೊಲ್ಲದು. ಅಲ್ಲಿಗೆ ಹುಡುಗ ಸುಳ್ಳು ಸುದ್ದಿಯ ಬಗ್ಗೆ ಬರೆಯುವುದನ್ನು ಬಿಟ್ಟು, ಆ ತಾತನ ಬಗ್ಗೆ ಬರೆಯತೊಡಗಿದ್ದ.

ಮುಂದಿನ ಪ್ರಶ್ನೆ, ಇಬ್ಬರಲ್ಲಿ ಒಬ್ಬರು ಎದ್ದು ಹೊರಗೆ ಹೋಗಬಾರದೇಕೆ ಎಂಬುದು. ಜಗಳವೆಂದರೆ ಎದ್ದು ಹೋಗುವುದು ಮನುಷ್ಯರ ಸಹಜ ಸ್ವಭಾವ. ಹೋಗದಂತೆ ಹಿಡಿದಿಡುವ ಕಾರಣವನ್ನು ನಾಟಕಕಾರನೇ ಒದಗಿಸಬೇಕು. ಮಳೆ, ಬೀಗ, ಬರಬೇಕಾದ ಫೋನ್ ಕರೆ, ಒಳಕೋಣೆಯಲ್ಲಿ ಮಲಗಿರುವ ರೋಗಿ, ಇವೆಲ್ಲ ಸಾಮಾನ್ಯ ಉಪಾಯಗಳು. ಭೂಮಿಯ ತಾಪ ಏರುತ್ತಿರುವುದರ ಬಗ್ಗೆ ಬರೆಯಲು ಹೊರಟಿದ್ದ ಹುಡುಗಿಯೊಬ್ಬಳು ಇದಕ್ಕೆ ಬಹಳ ಚೆಂದದ ಪರಿಹಾರ ಕಂಡುಕೊಂಡಳು: ಪರೀಕ್ಷೆಯ ಕೊಠಡಿ, ಉರಿಬಿಸಿಲು, ತಿರುಗುತ್ತಿರುವುದು ಒಂದೇ ಫ್ಯಾನು, ಅದರ ಕೆಳಗಿನ ಒಂದೇ ಆಸನಕ್ಕಾಗಿ ಇಬ್ಬರು ಆಪ್ತ ಗೆಳತಿಯರು ಮಾತಿಲ್ಲದೆ ಕಾದಾಡುತ್ತಾರೆ. ಇಬ್ಬರೂ ಹೊರಗೆ ಹೋಗುವಂತಿಲ್ಲ, ಜೋರಾಗಿ ಮಾತನಾಡುವಂತೆಯೂ ಇಲ್ಲ. ಭೂಮಿತಾಯಿ ಬಂದು ಅಳಬೇಕಾದ ಅಗತ್ಯವೇ ಬೀಳಲಿಲ್ಲ. ನೋಡುತ್ತಿದ್ದ ನಮಗೇ ಬೆವರಿತು.

ನನ್ನ ತರಗತಿಯಲ್ಲಿ ಒಂದು ನಿಷೇಧವಿದೆ. ನಾಟಕ ಯಾವ ಸಮಸ್ಯೆಯ ಬಗ್ಗೆ ಇದೆಯೋ ಆ ಸಮಸ್ಯೆಯ ಹೆಸರನ್ನು ಯಾವ ಪಾತ್ರವೂ ಉಚ್ಚರಿಸುವಂತಿಲ್ಲ. ಲಿಂಗ ತಾರತಮ್ಯದ ನಾಟಕದಲ್ಲಿ ‘ತಾರತಮ್ಯ’ ಎಂಬ ಪದ ಬರಬಾರದು. ಅಣ್ಣನ ತಟ್ಟೆಯನ್ನು ಯಾರು ತೊಳೆಯುತ್ತಾರೆ ಎಂಬುದು ಬರಬಹುದು. ಈ ನಿಯಮಕ್ಕೆ ತನ್ನದೇ ಆದ ದೋಷವೂ ಇದೆ. ಒಬ್ಬಳು ಅದನ್ನು ಎಷ್ಟು ನಿಷ್ಠೆಯಿಂದ ಪಾಲಿಸಿದಳೆಂದರೆ, ಅವಳ ನಾಟಕ ಯಾವುದರ ಬಗ್ಗೆ ಎಂಬುದು ಕೊನೆಯ ಪುಟದವರೆಗೂ ನಮಗೆ ಯಾರಿಗೂ ತಿಳಿಯಲಿಲ್ಲ, ಆಮೇಲೆ ಕೇಳಿದಾಗ ಅವಳಿಗೂ ಅಷ್ಟಾಗಿ ತಿಳಿದಿರಲಿಲ್ಲ. ಅಂಥ ಸಂದರ್ಭದಲ್ಲಿ ನಿಷೇಧವನ್ನು ಸಡಿಲಿಸಿ, ಆ ಪದವನ್ನು ಒಂದೇ ಒಂದು ಬಾರಿ, ಯಾರ ಬಾಯಲ್ಲಿ ಅದು ಅತ್ಯಂತ ಅನಿರೀಕ್ಷಿತವೋ ಅವರ ಬಾಯಲ್ಲಿ ಹೇಳಿಸು ಎನ್ನುತ್ತೇನೆ.

ಎಲ್ಲಕ್ಕಿಂತ ಕಷ್ಟದ ಪಾಠವೆಂದರೆ, ನಾವು ಒಪ್ಪದ ಪಾತ್ರಕ್ಕೆ ಗಟ್ಟಿ ಮಾತು ಕೊಡುವುದು. ನಾರ್ವೆಯ ನಾಟಕಕಾರ ಹೆನ್ರಿಕ್ ಇಬ್ಸನ್ 1882ರಲ್ಲಿ ಪ್ರಕಟಿಸಿದ ‘ಜನಶತ್ರು’ ನಾಟಕದ ಕಥೆಯನ್ನು ನಾನು ಇಲ್ಲಿ ಹೇಳುತ್ತೇನೆ. ಊರಿನ ಆದಾಯಕ್ಕೆಲ್ಲ ಆಧಾರವಾಗಿರುವ ಆರೋಗ್ಯ ಸ್ನಾನಗೃಹಗಳ ನೀರು ಕಲುಷಿತವಾಗಿದೆ ಎಂದು ಅಲ್ಲಿನ ವೈದ್ಯ ಕಂಡುಹಿಡಿಯುತ್ತಾನೆ. ಅದನ್ನು ಮುಚ್ಚಿಡಲು ಯತ್ನಿಸುವ ನಗರಾಧ್ಯಕ್ಷ ಅವನ ಒಡಹುಟ್ಟಿದ ಅಣ್ಣ. ಮಕ್ಕಳೆಲ್ಲ ಕೂಡಲೇ ಅಣ್ಣನನ್ನು ಖಳನಾಯಕನೆಂದು ತೀರ್ಮಾನಿಸುತ್ತಾರೆ. ಆಗ ನಾನು ಅವನ ವಾದವನ್ನು ಮುಂದಿಡುತ್ತೇನೆ: ಕೊಳವೆಗಳನ್ನು ಬದಲಿಸಲು ಕನಿಷ್ಠ ಎರಡು ವರ್ಷ ಬೇಕು, ಅಷ್ಟು ಕಾಲ ಸ್ನಾನಗೃಹಗಳನ್ನು ಮುಚ್ಚಿದರೆ ಬರುವವರು ಬೇರೆ ಊರಿಗೆ ಹೋಗುತ್ತಾರೆ, ಈ ಊರಿನ ಜನ ಏನು ತಿನ್ನಬೇಕು? ಈಗ ತರಗತಿ ಎರಡು ಪಾಲಾಗುತ್ತದೆ. ಹಾಗೆ ಪಾಲಾದ ದಿನ ನಾನು ಪಾಠವನ್ನು ಅಲ್ಲಿಗೇ ನಿಲ್ಲಿಸಿ, ‘ನಿಮ್ಮ ನಾಟಕದಲ್ಲಿ ನೀವು ದ್ವೇಷಿಸುವ ಪಾತ್ರದ ಮಾತುಗಳನ್ನು ಮತ್ತೆ ಬರೆಯಿರಿ, ಈ ಸಲ ಅವರೇ ನಿಮ್ಮ ಪಕ್ಕದಲ್ಲಿ ಕೂತು ಬರೆಸುತ್ತಿದ್ದಾರೆ ಎಂದುಕೊಳ್ಳಿ’ ಎಂದು ಹೇಳಿ ಕಳಿಸುತ್ತೇನೆ. ತಾತನ ನಾಟಕದ ಹುಡುಗ ಮರುದಿನ ಒಂದು ಸಾಲು ತಂದ. ಮೊಮ್ಮಗನಿಗೆ ತಾತ ಹೇಳುತ್ತಾನೆ: ‘ದಿನ ಬೆಳಗಾದರೆ ನನಗೆ ನಮಸ್ಕಾರ ಹೇಳುವವರು ಆ ಗುಂಪಿನಲ್ಲಿ ಮಾತ್ರ ಇದ್ದಾರೆ, ಈ ಮನೆಯಲ್ಲಿ ಯಾರು ಹೇಳುತ್ತೀರಿ?’ ಅದನ್ನು ಓದಿದಾಗ ನಾನು ಸ್ವಲ್ಪ ಹೊತ್ತು ಕಿಟಕಿಯ ಕಡೆಗೆ ತಿರುಗಿ ನಿಂತೆ.

ಸಮಕಾಲೀನ ವಿಷಯವೆಂದ ಮೇಲೆ ಮಾಹಿತಿ ಸರಿಯಾಗಿರಬೇಕು. ಅಮೆರಿಕದಲ್ಲಿ ಮಹಾ ಆರ್ಥಿಕ ಕುಸಿತದ ಕಾಲಕ್ಕೆ ಸರ್ಕಾರವೇ 1935ರಲ್ಲಿ ಆರಂಭಿಸಿದ ಫೆಡರಲ್ ಥಿಯೇಟರ್ ಪ್ರಾಜೆಕ್ಟ್ ಎಂಬ ಯೋಜನೆಯಲ್ಲಿ ‘ಲಿವಿಂಗ್ ನ್ಯೂಸ್‌ಪೇಪರ್’, ಅಂದರೆ ಜೀವಂತ ಪತ್ರಿಕೆ, ಎಂಬ ನಾಟಕ ಪ್ರಕಾರ ಬೆಳೆಯಿತು. ಕೆಲಸವಿಲ್ಲದ ರಂಗಕರ್ಮಿಗಳ ಜೊತೆಗೆ ಪತ್ರಕರ್ತರನ್ನೂ ಸೇರಿಸಿಕೊಂಡು, ಕೃಷಿ, ವಸತಿ, ವಿದ್ಯುತ್ತಿನಂಥ ವಿಷಯಗಳ ದಾಖಲೆಗಳನ್ನು ಸಂಗ್ರಹಿಸಿ ರಂಗಕ್ಕೆ ತಂದರು. ಆಳುವವರಿಗೆ ಇದು ಬಹುಕಾಲ ಹಿತವಾಗಿ ಕಾಣಲಿಲ್ಲ. 1939ರಲ್ಲಿ ಅಲ್ಲಿನ ಸಂಸತ್ತು ಇಡೀ ಯೋಜನೆಗೆ ಹಣ ನಿಲ್ಲಿಸಿತು. ಅವರಿಂದ ನಾನು ತೆಗೆದುಕೊಂಡದ್ದು ಒಂದು ಅಭ್ಯಾಸವನ್ನು ಮಾತ್ರ: ಪ್ರತಿ ವಿದ್ಯಾರ್ಥಿಯೂ ತನ್ನ ವಿಷಯಕ್ಕೆ ನೇರವಾಗಿ ಸಂಬಂಧಪಟ್ಟ ಒಬ್ಬರೊಡನೆ ಅನುಮತಿ ಪಡೆದು ಮಾತನಾಡಿ, ಅವರು ಹೇಳಿದ್ದರಲ್ಲಿ ತನಗೆ ಆಶ್ಚರ್ಯ ತಂದ ಒಂದೇ ಸಂಗತಿಯನ್ನು ಬರೆದುಕೊಂಡು ಬರಬೇಕು. ಪಾತ್ರಗಳು ತಪ್ಪು ಅಂಕಿಅಂಶ ಹೇಳಬಹುದು, ಜನ ಹೇಳುವುದೂ ಹಾಗೆಯೇ. ಆದರೆ ಅದು ತಪ್ಪೆಂಬುದು ಬರೆದವರಿಗೆ ಗೊತ್ತಿರಬೇಕು.

ಅಳತೆಯ ವಿಷಯದಲ್ಲಿ ನಾನು ಬಿಗಿಯಾಗಿದ್ದೇನೆ. ಎರಡು ಅಥವಾ ಮೂರು ಪಾತ್ರ, ಒಂದು ಸ್ಥಳ, ಕಡಿಯದೆ ಸಾಗುವ ಕಾಲ, 10 ನಿಮಿಷ. ಪುಟಕ್ಕೊಂದು ನಿಮಿಷ ಎಂಬುದು ರಂಗಭೂಮಿಯಲ್ಲಿ ಬಳಕೆಯಲ್ಲಿರುವ ಸ್ಥೂಲ ಲೆಕ್ಕ, ಆದರೆ ಕೈಬರಹದ ಪುಟಕ್ಕೆ ಅದು ಹೊಂದುವುದಿಲ್ಲವಾದ್ದರಿಂದ ಗಡಿಯಾರ ಇಟ್ಟುಕೊಂಡು ಗಟ್ಟಿಯಾಗಿ ಓದಿಯೇ ಅಳೆಯಬೇಕು.

ಇನ್ನು ವಾಚನ. ನೀವೀಗ ಕಾಣುತ್ತಿರುವ ದೃಶ್ಯದಲ್ಲಿ ಇಬ್ಬರು ಓದುತ್ತಿದ್ದಾರೆ, ಮೂಲೆಯಲ್ಲಿ ಬಾಯಿ ಮುಚ್ಚಿಕೊಂಡು ಕೂತಿರುವವಳು ಆ ನಾಟಕ ಬರೆದವಳು. ಬರೆದವರು ತಮ್ಮ ನಾಟಕವನ್ನು ತಾವೇ ಓದಬಾರದು, ಓದುವಾಗ ವಿವರಣೆ ಕೊಡಲೂಬಾರದು. ಓದುವವರು ಎಲ್ಲಿ ಮುಗ್ಗರಿಸುತ್ತಾರೋ ಅಲ್ಲಿ ಅವಳು ಗೆರೆ ಹಾಕಿಕೊಳ್ಳುತ್ತಾಳೆ. ಬರೆದಾಗ ಸೊಗಸಾಗಿ ಕಂಡ ‘ನನ್ನ ಮನಸ್ಸಿನಲ್ಲಿ ಅಪಾರ ವೇದನೆ ಉಂಟಾಗಿದೆ’ ಎಂಬ ಸಾಲು ಇನ್ನೊಬ್ಬರ ನಾಲಗೆಗೆ ಬಂದಾಗ ಎಷ್ಟು ಬಡವಾಗುತ್ತದೆ ಎಂಬುದನ್ನು ಕಿವಿಯೇ ಹೇಳಿಕೊಡುತ್ತದೆ, ನಾನು ಹೇಳಬೇಕಾಗಿಲ್ಲ. ಈ ವರ್ಷ ಒಬ್ಬ ಹುಡುಗ ಕೃತಕ ಬುದ್ಧಿಮತ್ತೆಯಿಂದ ಬರೆಸಿಕೊಂಡ ನಾಟಕವನ್ನು ತಂದಿದ್ದ. ಬೈಯದೆ ಅದನ್ನೂ ವಾಚನಕ್ಕೆ ಇಟ್ಟೆ. ಪಾತ್ರಗಳೆಲ್ಲ ಸರದಿ ತಪ್ಪದೆ, ವಾಕ್ಯ ಮುಗಿಸಿ, ಒಬ್ಬರನ್ನೊಬ್ಬರು ಪೂರ್ತಿ ಅರ್ಥ ಮಾಡಿಕೊಂಡು ಮಾತನಾಡುತ್ತಿದ್ದವು. ಮೂರನೆಯ ಪುಟದ ಹೊತ್ತಿಗೆ ಅವನೇ ‘ಸರ್, ಇವರು ಜಗಳವೇ ಆಡುತ್ತಿಲ್ಲ’ ಎಂದ.

ತಮ್ಮ ಮನೆಯ ಸಂಕಟವನ್ನೇ ಬರೆಯುವ ಮಕ್ಕಳ ವಿಷಯದಲ್ಲಿ ಬೇರೆಯೇ ಎಚ್ಚರ ಬೇಕು. ಬರೆಯಲು ಯಾರನ್ನೂ ಒತ್ತಾಯಿಸುವುದಿಲ್ಲ. ಬರೆದರೆ ಹೆಸರು, ನಂಟು, ಸ್ಥಳ ಮೂರನ್ನೂ ಬದಲಿಸಲು ಹೇಳುತ್ತೇನೆ, ಅಪ್ಪನನ್ನು ಚಿಕ್ಕಮ್ಮನನ್ನಾಗಿ ಮಾಡಿದರೂ ನೋವು ಉಳಿಯುತ್ತದೆ, ಗುರುತು ಉಳಿಯುವುದಿಲ್ಲ. ಆದರೆ ಮಗು ನಿಜವಾಗಿ ಅಪಾಯದಲ್ಲಿದೆ ಎಂದು ಪುಟದಲ್ಲಿ ಕಂಡರೆ ಅದು ಆಮೇಲೆ ನಾಟಕದ ವಿಷಯವಲ್ಲ. ಹಸ್ತಪ್ರತಿಯನ್ನು ಬದಿಗಿಟ್ಟು, ಮಕ್ಕಳ ರಕ್ಷಣೆಯ ಹೊಣೆ ಹೊತ್ತವರ ಬಳಿಗೆ ಹೋಗಬೇಕು. ಹಾಗೆ ಹೋಗಬೇಕಾಗಬಹುದು ಎಂಬುದನ್ನು ಮೊದಲ ದಿನವೇ ತರಗತಿಗೆ ತಿಳಿಸಿರುತ್ತೇನೆ.

ಕೊನೆಯ ಪುಟದಲ್ಲಿ ಎಲ್ಲರೂ ಹಳೆಯ ರೋಗಕ್ಕೆ ಮರಳುತ್ತಾರೆ. 5 ಪುಟ ಹಟ ಹಿಡಿದವರು 6ನೆಯ ಪುಟದಲ್ಲಿ ಇದ್ದಕ್ಕಿದ್ದಂತೆ ಒಳ್ಳೆಯವರಾಗಿಬಿಡುತ್ತಾರೆ. ಬ್ರೆಜಿಲ್ ದೇಶದ ರಂಗಕರ್ಮಿ ಅಗಸ್ಟೊ ಬೋಆಲ್ 1970ರ ದಶಕದಲ್ಲಿ, ದೇಶದಿಂದ ಹೊರಗಿದ್ದ ವರ್ಷಗಳಲ್ಲಿ ರೂಪಿಸಿದ ಫೋರಂ ಥಿಯೇಟರ್ ಎಂಬ ಪದ್ಧತಿ ಇಲ್ಲಿ ನೆರವಿಗೆ ಬರುತ್ತದೆ. ಅದರಲ್ಲಿ ನಾಟಕ ಸೋಲಿನಲ್ಲಿ ಮುಗಿಯುತ್ತದೆ, ಮತ್ತೆ ಮೊದಲಿನಿಂದ ಆರಂಭವಾಗುತ್ತದೆ. ಪ್ರೇಕ್ಷಕರಲ್ಲಿ ಯಾರಾದರೂ ‘ನಿಲ್ಲಿಸಿ’ ಎಂದು ಕೂಗಿ, ದಬ್ಬಾಳಿಕೆಗೆ ಸಿಕ್ಕಿದ ಪಾತ್ರದ ಜಾಗಕ್ಕೆ ತಾವೇ ಬಂದು, ಬೇರೆ ದಾರಿಯೊಂದನ್ನು ಪ್ರಯತ್ನಿಸಬಹುದು. ನಾವು ಇದನ್ನು ಬರವಣಿಗೆಯ ಉಪಕರಣವಾಗಿ ಬಳಸುತ್ತೇವೆ. ಸಹಪಾಠಿಗಳು ಒಬ್ಬೊಬ್ಬರಾಗಿ ಕುರ್ಚಿಯಲ್ಲಿ ಕೂತು ಎದುರಿನವರನ್ನು ಒಪ್ಪಿಸಲು ನೋಡುತ್ತಾರೆ, ಎದುರಿನವರು ಸುಲಭವಾಗಿ ಒಪ್ಪಬಾರದು. ಬರೆದವರು ಪಕ್ಕದಲ್ಲಿ ಕೂತು ಯಾವ ಮಾತಿಗೆ ಯಾರು ಅಲುಗಿದರು ಎಂಬುದನ್ನು ಗುರುತು ಹಾಕಿಕೊಳ್ಳುತ್ತಾರೆ.

ತಾತನ ನಾಟಕಕ್ಕೂ ಹೀಗೆ ಮಾಡಿದೆವು. ಮೊದಲ ಕರಡಿನ ಕೊನೆಯಲ್ಲಿ ತಾತ ಪ್ರೇಕ್ಷಕರ ಕಡೆಗೆ ತಿರುಗಿ, ಸಂದೇಶ ಕಳಿಸುವ ಮುನ್ನ ಎಲ್ಲರೂ ಯೋಚಿಸಬೇಕೆಂದು ಭಾಷಣ ಮಾಡುತ್ತಿದ್ದ. ನಾಲ್ಕು ಜನ ಮೊಮ್ಮಗನ ಕುರ್ಚಿಯಲ್ಲಿ ಕೂತು ಹೋದರು. ಕೂಗಿದರು, ಗದರಿಸಿದರು, ಒಬ್ಬಳು ಅತ್ತೇ ಬಿಟ್ಟಳು, ತಾತನಾಗಿ ಕೂತಿದ್ದ ಹುಡುಗ ಜಗ್ಗಲಿಲ್ಲ. ಐದನೆಯವಳು ಏನೂ ವಾದಿಸದೆ ಫೋನನ್ನು ಮೆಲ್ಲಗೆ ತಾತನ ತೊಡೆಯ ಮೇಲೆ ಇಟ್ಟಳು. ಬರೆದ ಹುಡುಗ ಅಂದು ಸಂಜೆ ಭಾಷಣಕ್ಕೆ ಅಡ್ಡಗೆರೆ ಎಳೆದು ಹೊಸ ಪುಟ ಬರೆದುಕೊಂಡು ಬಂದ. ಈಗ ನಾಟಕ ಮುಗಿಯುವುದು ಹೀಗೆ: ತಾತ ಕನ್ನಡಕ ಹಾಕಿಕೊಂಡು ಫೋನು ಕೈಗೆ ತೆಗೆದುಕೊಳ್ಳುತ್ತಾನೆ, ಗುಂಪನ್ನು ತೆರೆಯುತ್ತಾನೆ, ಬೆರಳು ಎತ್ತಿ ನಿಲ್ಲಿಸಿ ಕೇಳುತ್ತಾನೆ: ‘ಏನೆಂದು ಬರೆಯಲಿ, ಹೇಳು.’ 10 ನಿಮಿಷವೂ ಬಿಡದೆ ಮಾತನಾಡಿದ ಮೊಮ್ಮಗನಿಗೆ ಬಾಯಿ ಬರುವುದಿಲ್ಲ.